ಅಕ್ಕನ ಅಳತೆ

ಇವತ್ತು ಚಿಕ್ಕೋಡಿಯ ಚಪ್ಪಲಿ ಅಂಗಡಿಯಲ್ಲಿ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ಅಕ್ಕನ ಮೂರು ಗಾಲಿಯ ಸೈಕಲ್ಲು ನೆನಪಾಯಿತು.

ಪೋಲಿಯೋದಿಂದ ಕಾಲು ಸೋತಿದ್ದ ಅಕ್ಕ, ಕೈಗೆ ಚಪ್ಪಲಿ ಹಾಕಿಕೊಂಡು ತೆವಳುತ್ತಿದ್ದಳು. ಶಿಬಿರವೊಂದರಲ್ಲಿ ಕೈಯಿಂದ ಪೆಡಲ್ ತಿರುಗಿಸುವ ಸೈಕಲ್ಲು ಕೊಟ್ಟರು. ಅದು ದೊಡ್ಡವರ ಅಳತೆಯದು, ಅಕ್ಕನ ಕೈ ಎಟುಕಲಿಲ್ಲ. ಸಣ್ಣದು ಅವರಲ್ಲಿ ಇರಲಿಲ್ಲ.

"ಇರ್ಲಿ ಬಿಡ್ರಿ, ಬೆಳೀತಾಳ," ಎಂದ ಅಪ್ಪ.

ನಮ್ಮ ಮನೆಗೆ ಬಟ್ಟೆಯೂ ಹಾಗೇ ಬರುತ್ತಿತ್ತು. ನನ್ನ ಚಡ್ಡಿ ನನಗೆ ಸರಿಹೋಗುವ ಹೊತ್ತಿಗೆ ಹಿಂದೆ ಎರಡು ಕಿಟಕಿ ಬಿದ್ದಿರುತ್ತಿದ್ದವು.

ಸೈಕಲ್ಲು ಹಾಳಾಗಬಾರದೆಂದು ಅಪ್ಪ ಗೋಣಿಚೀಲ ಹೊದಿಸಿ ದನದ ಕೊಟ್ಟಿಗೆಯಲ್ಲಿಟ್ಟ. "ಮೂರು ಗಾಲಿ, ಸೀಟು ಖಾಲಿ" ಎಂದು ನಾನು ಹಾಡಿದರೆ, "ತಡೀಲೇ, ನಾ ಇದರಾಗ ಹೈಸ್ಕೂಲಿಗೆ ಹೊಂಟಾಗ ನೀ ಹಿಂದ ಓಡಿ ಬರ್ತಿ" ಎನ್ನುತ್ತಿದ್ದಳು ಅಕ್ಕ. ಹೈಸ್ಕೂಲು ಪಕ್ಕದ ಊರಲ್ಲಿತ್ತು.

ಕೊನೆಗೂ ಅಕ್ಕನ ಕೈ ಪೆಡಲಿಗೆ ಎಟುಕುವಷ್ಟು ಉದ್ದವಾಯಿತು. ಗೋಣಿಚೀಲ ತೆಗೆದರೆ ಟಾಯರು ಬಿರಿದು ಪುಡಿಯಾಗಿದ್ದವು, ಚೈನು ತುಕ್ಕು ಹಿಡಿದು ಬಿಗಿದುಕೊಂಡಿತ್ತು.

"ಈ ಅಳತಿ ಟಾಯರ್ ನಮ್ಮ ಕಡಿ ಸಿಗಂಗಿಲ್ರಿ ಕಾಕಾ, ಕೊಟ್ಟವ್ರನ್ನ ಕೇಳ್ರಿ," ಎಂದ ಸೈಕಲ್ ಅಂಗಡಿಯವ.

ಕೊಟ್ಟವರು ಮತ್ತೆ ನಮ್ಮ ಕಡೆ ಬರಲೇ ಇಲ್ಲ. ಅಕ್ಕನ ಓದು ಏಳನೆಯ ಇಯತ್ತೆಗೇ ನಿಂತಿತು. ಗೋಣಿಚೀಲ ತೆಗೆದ ದಿನ ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ನಾ ಬೆಳದೇನಲ್ಲ?"

ಅಪ್ಪ ಗೋಣಿಚೀಲ ಮಡಿಚುತ್ತಲೇ ಇದ್ದ.

"ಯಾರ ಕಾಲಿಗ್ರಿ? ಒಂದ ನಂಬರ್ ದೊಡ್ಡದ ಕೊಡ್ಲ್ಯಾ?" ಇವತ್ತು ಚಪ್ಪಲಿ ಅಂಗಡಿಯವ ಕೇಳಿದ.

"ಬ್ಯಾಡ್ರಿ. ನಮ್ಮ ಅಕ್ಕನ ಕೈಗೆ. ಅಳತಿಗೆ ಸರಿಯಾಗಿ ಕೊಡ್ರಿ, ಆಕಿ ಬೆಳಿಯೂದು ಮುಗದೈತಿ."