ಮೆಟ್ಟಿಲ ಪಕ್ಕದ ಆಂಪ್ಲಿಫಯರ್

ನನಗೆ ಸ್ವಿಚ್ ಪೊಲೀಸ್ ಎಂದು ಹೆಸರಿಟ್ಟವನು ನನ್ನ ತಮ್ಮ. ಅದರಲ್ಲಿ ಸುಳ್ಳೇನೂ ಇಲ್ಲ. ಶಿವಮೊಗ್ಗದ ದುರ್ಗಿಗುಡಿಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ರಿಮೋಟ್ ಒತ್ತಿದ ಮಾತ್ರಕ್ಕೆ ಟಿ.ವಿ., ಸ್ಪೀಕರ್ ಪೂರ್ತಿ ಆರುವುದಿಲ್ಲ, ಕೆಂಪು ದೀಪ ಉರಿಯುತ್ತಿದ್ದರೆ ಅದು ಕರೆಂಟು ಕುಡಿಯುತ್ತಲೇ ಇರುತ್ತದೆ ಎಂದು ಪ್ರತಿ ವರ್ಷವೂ ಮಕ್ಕಳ ತಲೆ ತಿಂದಿದ್ದೇನೆ. ನೆಂಟರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಪ್ಲಗ್ಗಿನ ಕಡೆಗೆ.

ಅಮ್ಮ ಭದ್ರಾವತಿಯಲ್ಲಿ ತಮ್ಮನ ಜೊತೆಗಿದ್ದಳು. ಅಪ್ಪ ಕಾರ್ಖಾನೆಯಲ್ಲಿದ್ದಾಗ ಕೊಂಡ ಆಂಪ್ಲಿಫಯರ್ ಆ ಮನೆಯಲ್ಲಿ ಇನ್ನೂ ಇತ್ತು. ಹಾಲ್‌ನಿಂದ ಅಡುಗೆಮನೆಗೆ ಒಂದು ಮೆಟ್ಟಿಲು ಇಳಿಯಬೇಕು. ಆ ಬಾಗಿಲ ಬಲಗಡೆಯ ಗೂಡಿನಲ್ಲಿ ಅದು, ಅದರ ಮೇಲೊಂದು ಸ್ಪೀಕರ್. ಹಾಡು ಹಾಕದಿದ್ದರೂ ಇಡೀ ದಿನ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಆರಿಸಲು ಅಮ್ಮ ಬಿಡುತ್ತಿರಲಿಲ್ಲ. ಅಪ್ಪನ ನೆನಪಿಗೆ ಇಟ್ಟುಕೊಂಡಿದ್ದಾಳೆ ಎಂದು ತಮ್ಮನೂ ಅವನ ಹೆಂಡತಿಯೂ ಸುಮ್ಮನಿದ್ದರು.

ಕಳೆದ ಬೇಸಿಗೆ ರಜೆಯಲ್ಲಿ ಅವರಿಬ್ಬರೂ ತಮ್ಮನ ಹೆಂಡತಿಯ ತವರಿಗೆ ಹೋದಾಗ ಅಮ್ಮನ ಜೊತೆ ಇರಲು ಶಿವಮೊಗ್ಗದಿಂದ ನಾನು ಹೋದೆ. ಬ್ಯಾಗು ಇಳಿಸಿದವಳೇ ಆ ಸ್ವಿಚ್ಚಿಗೆ ಕೈ ಹಾಕಿದೆ.

"ಅದೊಂದು ಇರ್ಲಿ ಬಿಡೇ ಮಾರಾಯ್ತಿ," ಅಂದಳು ಅಮ್ಮ.

"ಯಾರೂ ಕೇಳದೇ ಇರೋ ಡಬ್ಬಿಗೆ ಕರೆಂಟ್ ಯಾಕಮ್ಮ? ಅಪ್ಪ ಇದ್ದಿದ್ರೆ ಅವ್ರೇ ಆಫ್ ಮಾಡ್ತಿದ್ರು."

ಸ್ವಿಚ್ ಆರಿಸಿದೆ, ಗುಂಯ್ ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಎರಡು ದಿನ ಅವಳು ಗೋಡೆ ಸವರಿಕೊಂಡು ಓಡಾಡುವುದನ್ನು ನೋಡಿದೆ. ಮಂಡಿನೋವು ಅಂದಳು, ನಂಬಿದೆ.

ಮೂರನೆಯ ದಿನ ಬೆಳಿಗ್ಗೆ ನಾನಿನ್ನೂ ಹೊದ್ದು ಮಲಗಿದ್ದೆ. ಕಾಫಿಗೆ ಹಾಲು ಕಾಯಿಸಲು ಹೊರಟ ಅಮ್ಮ ಆ ಮೆಟ್ಟಿಲಿನಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು.

ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆ. ತಮ್ಮ ಬಂದು ತಲುಪುವ ಮೊದಲು ಅಮ್ಮ ನನ್ನನ್ನು ಹತ್ತಿರ ಕರೆದಳು.

"ನಂಗೆ ಕಣ್ಣು ಕಾಣಲ್ಲ ಕಣೇ. ವರ್ಷದ ಮೇಲಾಯ್ತು. ಆ ಗುಂಯ್ ಅನ್ನೋದು ಬಲಗಿವಿ ಹತ್ರ ಬಂತು ಅಂದ್ರೆ ಮೆಟ್ಲು ಬಂತು ಅಂತ ಗೊತ್ತಾಗ್ತಿತ್ತು."

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಿದ್ರಾ? ಒಂದು ಕಡೆ ಕೂತಿರು ಅಂತಿದ್ರಿ." ನನ್ನ ಕೈ ಹುಡುಕಿ ಹಿಡಿದುಕೊಂಡು ಹೇಳಿದಳು: "ನೆಲ ಒದ್ದೆ ಇತ್ತು, ಜಾರಿದೆ ಅಂತ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ. ಅವನಿಗೆ ಸಿಟ್ಟು ಜಾಸ್ತಿ, ನಿನ್ನ ಜೊತೆ ಮಾತು ಬಿಡ್ತಾನೆ."

ತಮ್ಮ ಬಂದಾಗ ಹಾಗೇ ಹೇಳಿದಳು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ.

ಅಡುಗೆಮನೆಗೆ ಹೊಳೆಯುವ ನುಣುಪು ಟೈಲ್ಸ್ ಹಾಕಿಸಿದ್ದವನು ತಮ್ಮನೇ. ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ ಅದನ್ನೆಲ್ಲ ಕೀಳಿಸಿ, ಕಾಲಿಗೆ ಹಿಡಿತ ಸಿಗುವಂಥ ಒರಟು ಟೈಲ್ಸ್ ಹಾಕಿಸಿದ. ಅಮ್ಮ ಮನೆಗೆ ಬರುವಷ್ಟರಲ್ಲಿ ಮುಗಿಯಬೇಕು ಎಂದು ಕೆಲಸದವರ ಬೆನ್ನು ಬಿದ್ದಿದ್ದ. ಅವಳು ಅದರ ಮೇಲೆ ಒಮ್ಮೆಯೂ ಕಾಲಿಡಲಿಲ್ಲ. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿಕೊಂಡು, ಎರಡು ತಿಂಗಳಲ್ಲಿ ಹೋದಳು.

ಕಾರ್ಯವೆಲ್ಲ ಮುಗಿದು ಮನೆ ಖಾಲಿಯಾದ ಒಂದು ಮಧ್ಯಾಹ್ನ ನಾನು ಆ ಸ್ವಿಚ್ ಹಾಕಿದೆ. ಹಾಲ್‌ನ ಆ ತುದಿಗೆ ಹೋಗಿ ಕಣ್ಣು ಮುಚ್ಚಿಕೊಂಡು ನಡೆದೆ. ಗುಂಯ್ ಎನ್ನುವುದು ಹತ್ತಿರ ಬಂತು, ಬಲಗಿವಿಗೆ ಬಂತು, ಕಾಲಿಗೆ ಮೆಟ್ಟಿಲ ಅಂಚು ಸಿಕ್ಕಿತು. ಅಲ್ಲೇ ಕೂತು ಅತ್ತೆ. ಅಮ್ಮನ ಹತ್ತಿರ ಅದಕ್ಕಿಂತ ಒಳ್ಳೆಯ ಕೋಲು ಇರಲಿಲ್ಲ. ಅದನ್ನು ನಾನು ಕಿತ್ತುಕೊಂಡಿದ್ದೆ.

ಮೊನ್ನೆ ವಿದ್ಯಾನಗರದ ನಮ್ಮ ಮನೆಗೆ ಬಂದ ತಮ್ಮ ಊಟದ ನಡುವೆ ಕೈ ನಿಲ್ಲಿಸಿದ. "ಆ ಹಾಳು ಟೈಲ್ಸ್ ನಾನು ಹಾಕ್ಸದೇ ಇದ್ದಿದ್ರೆ ಅಮ್ಮ ಇರ್ತಿದ್ಲು ಅಲ್ವಾ ಅಕ್ಕ," ಅಂದ. ನಾನು ಅವನ ತಟ್ಟೆಗೆ ಸಾರು ಬಡಿಸಿದೆ.

ಎದುರಿಗೆ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಟೈಲ್ಸಿನದೇನೂ ತಪ್ಪಿಲ್ಲ ಕಣೋ. ಅವತ್ತು ನೆಲ ಒಣಗಿತ್ತು.