ಮರಗಮ್ಮ ಆರಿಸಿಕೊಂಡ ತೊಟ್ಟಿಲು

ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ತುರ್ಭೆಯ ಈರುಳ್ಳಿ ಮಂಡಿಯಲ್ಲಿ ಲಾರಿಗಳಿಂದ ಮೂಟೆ ಇಳಿಯುತ್ತಿವೆ. ಸುರಿದ ರಾಶಿಯ ಮುಂದೆ ಕುಳಿತ ಮರಗಮ್ಮ ಒಂದೊಂದೇ ಈರುಳ್ಳಿಯ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಎಡಕ್ಕೆ, ಗಟ್ಟಿಯಿದ್ದರೆ ಬಲಕ್ಕೆ. ಅವರ ಕಾಲ್ಬೆರಳಿಗೆ ಒಂದು ಹಗ್ಗ ಕಟ್ಟಿದೆ. ಅದರ ಇನ್ನೊಂದು ತುದಿ ಎರಡು ಕಂಬಗಳ ನಡುವಿನ ಸೀರೆಯ ತೊಟ್ಟಿಲಿಗೆ. ಒಳಗೆ ಮಲಗಿರುವುದು ಜೊತೆಗೆಲಸದ ದಾನಮ್ಮನ ಕೂಸು. ಕೈ ಈರುಳ್ಳಿ ಆರಿಸುತ್ತದೆ, ಕಾಲು ತೊಟ್ಟಿಲು ತೂಗುತ್ತದೆ, ಬಾಯಿ ನನ್ನೊಡನೆ ಮಾತಾಡುತ್ತದೆ. ಇಷ್ಟು ಸಾಲದೆಂಬಂತೆ ಈ ಮಹಾತಾಯಿ ನವಿ ಮುಂಬಯಿ ಮಹಾನಗರಪಾಲಿಕೆಯ ಮೊದಲ ಚುನಾವಣೆಗೆ ಪಕ್ಷೇತರರಾಗಿ ನಿಂತಿದ್ದಾರೆ. ಮತದಾನ ಬರುವ ವಾರ.

ಮರಗಮ್ಮನಿಗೆ ಮೂವತ್ತೊಂದು, ಮಗಳು ಗಂಗಾಳಿಗೆ ಹದಿನಾರು. ಕೇಳಿದವರು ಲೆಕ್ಕ ಹಾಕುವ ಮೊದಲೇ ಅವರೇ ಹೇಳಿಬಿಡುತ್ತಾರೆ. ಶಹಾಪುರದ ಕಡೆಯ ಹಳ್ಳಿಯಿಂದ ಅಪ್ಪ ಅವ್ವನ ಜೊತೆ ಇಲ್ಲಿನ ಕಲ್ಲುಕ್ವಾರಿಗೆ ಬಂದ ಹುಡುಗಿ. ಮದುವೆಯಾಗುತ್ತೇನೆ ಎಂದಿದ್ದ ಮುಕಾದಮ, ಕ್ವಾರಿಯ ಕೂಲಿಗಳ ಮೇಸ್ತ್ರಿ, ಆಕೆ ಬಸುರಿ ಎಂದು ತಿಳಿದೊಡನೆ ನಾಪತ್ತೆಯಾದ. ಮರ್ಯಾದೆಗೆ ಅಂಜಿದ ಅಪ್ಪ ಅವ್ವ ಇವಳನ್ನು ಇಲ್ಲೇ ಬಿಟ್ಟು ಊರಿಗೆ ಮರಳಿದರು. ಹದಿನೈದರ ಬಾಣಂತಿ ಕೂಸನ್ನು ಎತ್ತಿಕೊಂಡು ಮಂಡಿಗೆ ಕೆಲಸ ಕೇಳಲು ಬಂದಳು.

"ಕೂಸಿನ್ನ ಎಲ್ಲಿ ಇಡ್ಬೇಕ್ರಿ? ಖೋಲಿ ಇಲ್ಲ, ನೋಡ್ಕೊಳ್ಳಾಕ ಮುದುಕಿ ಇಲ್ಲ. ಕಂಬಕ್ಕ ಸೀರಿ ಕಟ್ಟಿ ಹಾಕಿದೆ. ಉಳ್ಳಾಗಡ್ಡಿ ಘಾಟಿಗೆ ಅದರ ಕಣ್ಣಾಗ ನೀರು, ಅದನ್ನ ನೋಡಿ ನನ್ನ ಕಣ್ಣಾಗ ನೀರು. ಯಾರರ ಕೇಳಿದ್ರ ಉಳ್ಳಾಗಡ್ಡಿ ಮ್ಯಾಲ ಹಾಕ್ತಿದ್ದೆ."

ಅಂದಿನಿಂದ ಮಂಡಿಗೆ ಬರುವ ಹಸಿಬಾಣಂತಿಯರಿಗೆಲ್ಲ ಮರಗಮ್ಮನ ಪಕ್ಕದ ಜಾಗವೇ ಗತಿ. ಅವರ ಕಾಲು ತೂಗಿದ ಕೂಸುಗಳಲ್ಲಿ ಕೆಲವಕ್ಕೆ ಈಗ ಮೀಸೆ ಚಿಗುರಿದೆ. ವಾರ್ಡು ಮಹಿಳೆಯರಿಗೆ ಮೀಸಲಾದಾಗ ಹೆಂಗಸರೆಲ್ಲ ಸೇರಿ ಇವರನ್ನೇ ನಿಲ್ಲಿಸಿದರು. ಅವರ ಬೆನ್ನಿಗೆ ನಿಂತವರು ಮಂಡಿಯ ಗೇಟಿನಲ್ಲಿ ಚಹಾ ಹೋಟೆಲು ನಡೆಸುವ ಉಡುಪಿ ಕಡೆಯ ಕುಶಲ ಶೆಟ್ಟರು.

ನಾಮಪತ್ರ ಹಾಕಿದ ಮರುದಿನದಿಂದಲೇ ಕಾಟ ಶುರುವಾಯಿತು. ಗೇಟಿನ ಎದುರಿಗೇ ಮರಗಮ್ಮನ ಝೋಪಡಪಟ್ಟಿ. ಆ ಗಲ್ಲಿಯಲ್ಲಿ ಇವರು ಹಾದರೆ ಸಾಕು, ಎದುರಾಳಿ ಕಡೆಯ ಹುಡುಗರು "ಜೋ ಜೋ" ಎಂದು ರಾಗ ಎಳೆಯತೊಡಗಿದರು. "ಅವರಾಗ ಇಬ್ಬರನ್ನ ನಾನ ತೂಗೀನ್ರಿ," ಎಂದು ಮರಗಮ್ಮ ನಗುತ್ತಾರೆ. ಆದರೆ ಶಾಲೆಯಿಂದ ಬರುತ್ತಿದ್ದ ಗಂಗಾಳಿಗೂ ಅದೇ ಜೋಗುಳ ಹಾಡಿದ ದಿನ ಅವರಿಗೆ ನಗು ಬರಲಿಲ್ಲ. ಹತ್ತನೆಯ ತರಗತಿಯ ಹುಡುಗಿ ಶಾಲೆ ಬಿಟ್ಟು ಮನೆಯೊಳಗೆ ಕೂತಳು. ಮರಗಮ್ಮ ನಾಮಪತ್ರ ವಾಪಸು ಪಡೆಯಲು ಹೊರಟರು.

"ನಂಗ ಅಂದ್ರ ಅನ್ಲಿ, ಆಕಿಗೆ ಯಾಕ? ಓಟು ಬ್ಯಾಡ, ಏನೂ ಬ್ಯಾಡ ಅಂತ ಚಪ್ಪಲಿ ಮೆಟ್ಟಿದೆ."

ಕನ್ನಡ ತಿಳಿದರೂ ಹಿಂದಿಯಲ್ಲೇ ಉತ್ತರಿಸುವ ಗಂಗಾ ಬಾಗಿಲಿಗೆ ಅಡ್ಡ ನಿಂತಳು. "ಆಯಿ, ತೂ ಹಟ್ ಗಯೀ ತೋ ಮೈ ಹೀ ಗಲತಿ ಬನ್ ಜಾವೂಂಗಿ," ಎಂದಳು. ನೀನು ಹಿಂದೆ ಸರಿದರೆ ನಾನು ಹುಟ್ಟಿದ್ದೇ ತಪ್ಪು ಎಂದಾಗುತ್ತದೆ, ಎಂದು. ಮರಗಮ್ಮ ಚಪ್ಪಲಿ ಬಿಚ್ಚಿ ಒಳಗೆ ಬಂದರು.

ಚಿಹ್ನೆ ಹಂಚುವ ದಿನ ಇವರ ಸರದಿ ಬರುವಾಗ ಉಳಿದಿದ್ದು ಮೂರೇ: ಛತ್ರಿ, ಹೊಲಿಗೆ ಯಂತ್ರ, ತೊಟ್ಟಿಲು. ಜೊತೆಗೆ ಹೋಗಿದ್ದ ಕುಶಲ ಶೆಟ್ಟರು ಮರಗಮ್ಮನ ಕಿವಿಯ ಬಳಿ ಬಾಗಿದರು. "ಹೊಲಿಗೆ ಮೆಷಿನ್ ತಕೋ ಮಾರಾಯ್ತಿ, ತೊಟ್ಟಿಲು ಮಾತ್ರ ಬೇಡ, ನೀನೇ ಅವರಿಗೆ ಮಾತು ಎತ್ತಿ ಕೊಟ್ಟ ಹಾಗೆ ಆಗ್ತದೆ ಅಂತ ಬೇಡಿಕೊಂಡೆ," ಎನ್ನುತ್ತಾರೆ ಅವರು. "ಇವಳು ಕೇಳಬೇಕಲ್ಲ! ಸೀದಾ ತೊಟ್ಟಿಲಿನ ಮೇಲೆಯೇ ಬೆರಳಿಟ್ಟಳು."

ಮರುದಿನ ಸಂಜೆ ಬಿದಿರಿಗೆ ಸೀರೆಯ ತೊಟ್ಟಿಲು ಕಟ್ಟಿಕೊಂಡು ಹೆಂಗಸರ ಮೆರವಣಿಗೆ ಹೊರಟಿತು. ಬಿದಿರಿನ ಮುಂದಿನ ತುದಿ ಹೊತ್ತವಳು ಗಂಗಾ. ಹುಡುಗರು ರೂಢಿಯಂತೆ "ಜೋ ಜೋ" ಶುರು ಮಾಡಿದರು. "ಜೋರಾಗಿ ಹಾಡ್ರಪ್ಪಾ, ಹಿಂದಿನ ಗಲ್ಲಿಗೂ ಕೇಳ್ಲಿ!" ಎಂದು ದಾನಮ್ಮ ಕೂಗಿದಳು. ತಾವು ಮರಗಮ್ಮನ ಚಿಹ್ನೆಗೇ ಪುಕ್ಕಟೆ ಪ್ರಚಾರ ಮಾಡುತ್ತಿದ್ದೇವೆಂದು ಹುಡುಗರಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಆಮೇಲೆ ಗಲ್ಲಿ ಗಪ್‌ಚಿಪ್. "ನಮಗೆ ಮೈಕಿಗೆ ಗತಿ ಇರಲಿಲ್ಲ, ಅವರೇ ಮೈಕ್ ಆದರು," ಎಂದು ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಡೊಂಬಿವಲಿಯಲ್ಲಿ ಓಟಿರುವ ನನಗೆ ಈ ವಾರ್ಡಿನವರನ್ನು ಕಂಡು ನಿಜಕ್ಕೂ ಹೊಟ್ಟೆಕಿಚ್ಚಾಗುತ್ತದೆ.

ಗೆದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಕಾಲಿನ ಹಗ್ಗ ಒಮ್ಮೆ ಎಳೆದು ಮರಗಮ್ಮ ಹೇಳುತ್ತಾರೆ: "ಮಂಡಿ ಬಾಜೂಕ ಕೂಸುಗೋಳಿಗೆ ಒಂದು ಖೋಲಿ ಬೇಕ್ರಿ. ಗಾಳಿ ಬರ್ಬೇಕು, ಘಾಟು ಬರಬಾರ್ದು. ಅಷ್ಟಾ."

ಸೋತರೆ?

ಮರಗಮ್ಮನ ಕಣ್ಣು ಗೇಟಿನಾಚೆಗೆ ಹೊರಳುತ್ತದೆ. ಹುಡುಗರು ಕೂರುವ ಕಟ್ಟೆಯ ಮುಂದೆಯೇ, ಸಮವಸ್ತ್ರ ತೊಟ್ಟು ಚೀಲ ಹೆಗಲಿಗೇರಿಸಿದ ಗಂಗಾ ಶಾಲೆಗೆ ಹೊರಟಿದ್ದಾಳೆ.

"ನೋಡ್ರಿ, ನಡು ಗಲ್ಲ್ಯಾಗ ಹೆಂಗ ಹೊಂಟಾಳ," ಎನ್ನುತ್ತಾರೆ ಮರಗಮ್ಮ. "ಇನ್ನ ನನಗ ಎಂಥಾ ಸೋಲ್ರಿ?"