ತಂದು ಬಿಟ್ಟವರ ಕೈಗೇ

ಕಾಪುವಿನ ನಮ್ಮ ಬಾಲವಾಡಿಯಲ್ಲಿ ಗ್ಲ್ಯಾಡಿಸ್ ಟೀಚರ್ ಹದಿನಾರು ವರ್ಷ ದುಡಿದರು. ಅವರ ಕೈಕೆಳಗೆ ಸಹಾಯಕಿಯಾಗಿ ಸೇರಿದಾಗ ನನಗೆ ಹತ್ತೊಂಬತ್ತು, ಬಾಯಿ ಜೋರು. ಮಕ್ಕಳಿಗೆ ನಾಲ್ಕು ಹಾಡು ಹೇಳಿಕೊಟ್ಟರೆ ಮುಗಿಯಿತು ಎಂದುಕೊಂಡು ಹೋದವಳು ನಾನು. ಟೀಚರ್ ಮೊದಲ ದಿನವೇ ನನ್ನ ಕೈಗೆ ಉಗುರು ಕತ್ತರಿ ಕೊಟ್ಟರು. ಸೋಮವಾರ ಉಗುರು, ಬುಧವಾರ ತಲೆಯ ಹೇನು. ಉಪ್ಪಿಟ್ಟನ್ನು ಬಡಿಸುವ ಅರ್ಧ ಗಂಟೆ ಮೊದಲು ನಾವೇ ತಿಂದು ನೋಡಬೇಕು. ಬಾವಿಯ ಕಡೆಗೆ ಒಂದು ಕಣ್ಣು ಯಾವಾಗಲೂ ಇರಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ ಬಾಗಿಲಲ್ಲಿತ್ತು. ಬೆಳಿಗ್ಗೆ ಮಗುವನ್ನು ಯಾರು ತಂದು ಬಿಡುತ್ತಾರೋ ಸಂಜೆ ಅವರ ಕೈಗೇ ಕೊಡುವುದು. ಬೇರೆಯವರು ಬರುವುದಿದ್ದರೆ ಬೆಳಿಗ್ಗೆಯೇ ಹೇಳಿರಬೇಕು. ಅಜ್ಜಿ ಬರಲಿ, ಸೋದರಮಾವ ಬರಲಿ, ಹೇಳದೆ ಬಂದರೆ ಬೆಂಚಿನಲ್ಲಿ ಕುಳಿತು ಕಾಯಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಎಂದು ನಾನು ಹಿಂದಿನಿಂದ ಆಡಿಕೊಳ್ಳುತ್ತಿದ್ದೆ.

ಎಂಬತ್ತನೆಯ ಇಸವಿಯ ಡಿಸೆಂಬರಿನಲ್ಲಿ ಒಂದು ದಿನ ಹನ್ನೊಂದು ಗಂಟೆಗೆ ಉಮಾನಾಥ ಬಂದ. ನಮ್ಮ ಸುಗಂಧಿಯ ಅಪ್ಪ. ಮಗಳಿಗೆ ಏಳು ತಿಂಗಳಿರುವಾಗ ದುಬೈಗೆ ಹೋದವ. ಈಗ ಅವಳಿಗೆ ನಾಲ್ಕು ವರ್ಷ. ಬೊಂಬಾಯಿ ಬಸ್ಸಿನಿಂದ ಇಳಿದು ಮನೆಗೂ ಹೋಗದೆ ಪೆಟ್ಟಿಗೆ ಸಮೇತ ನೇರ ನಮ್ಮಲ್ಲಿಗೆ ಬಂದಿದ್ದ. ಹೆಂಡತಿ ಸರಸ ಮಣಿಪಾಲದ ಒಂದು ಪ್ರೆಸ್ಸಿಗೆ ಬೈಂಡಿಂಗ್ ಕೆಲಸಕ್ಕೆ ಹೋಗಿದ್ದಳು. ಮಗಳನ್ನು ಎತ್ತಿಕೊಂಡು ಹೋಗಿ ಅವಳೆದುರು ನಿಲ್ಲಬೇಕೆಂದು ಅವನ ಆಸೆ.

ಸುಗಂಧಿ ಟೀಚರ ಸೀರೆಯ ಹಿಂದೆ ಅಡಗಿದಳು.

“ಯಾರಿದು ಗೊತ್ತುಂಟಾ? ಅಪ್ಪ!” ಎಂದೆ ನಾನು.

“ಅಲ್ಲ. ಅಪ್ಪ ಮನೆಯಲ್ಲಿದ್ದಾರೆ, ಗೋಡೆಯಲ್ಲಿ,” ಎಂದಳು.

ಪಾಪ, ಅವನ ಮುಖ ನೋಡಲಾಗಲಿಲ್ಲ.

“ಇವತ್ತು ತಂದು ಬಿಟ್ಟದ್ದು ಸರಸ. ಅವಳಿಗೇ ಕೊಡುವುದು,” ಎಂದರು ಟೀಚರ್.

“ನನ್ನ ಮಗುವನ್ನು ನಾನು ಕೊಂಡುಹೋಗಲಿಕ್ಕೆ ನಿಮ್ಮ ಪರ್ಮಿಶನ್ ಎಂತಕ್ಕೆ?”

“ನೀವು ಅಪ್ಪ ಅಂತ ನನಗೆ ಗೊತ್ತುಂಟು. ಅವಳಿಗೆ ಗೊತ್ತಿಲ್ಲ, ಅಲ್ವಾ? ಈಗ ಎತ್ತಿದರೆ ಕೂಗಿಕೊಂಡೇ ಹೋಗುತ್ತಾಳೆ. ನಾಳೆಯಿಂದ ನೀವೇ ತಂದು ಬಿಡಿ. ಸಂಜೆ ನಿಮ್ಮ ಕೈಗೇ ಕೊಡುತ್ತೇನೆ.”

ಉಮಾನಾಥ ಪೆಟ್ಟಿಗೆ ಎತ್ತಿಕೊಂಡು ದುಮುಗುಡುತ್ತ ನಡೆದ. ನನಗೂ ಟೀಚರ ಮೇಲೆ ಸಿಟ್ಟು ಬಂತು. ಅವನಿಗಿದ್ದದ್ದು ನಲವತ್ತೈದು ದಿನದ ರಜೆ. ಅಷ್ಟರಲ್ಲಿ ಮಗಳು ಹತ್ತಿರವಾಗಬೇಕು, ಇಲ್ಲದಿದ್ದರೆ ಮತ್ತೆ ಮೂರು ವರ್ಷ ಗೋಡೆಯ ಫೋಟೋವೇ ಗತಿ.

ಮರುದಿನ ಬಸ್‌ಸ್ಟಾಪಿನವರೆಗೆ ಸರಸ ಜೊತೆಗಿದ್ದಳಂತೆ. ಅಲ್ಲಿಂದ ಅಪ್ಪ ಮಗಳು ಇಬ್ಬರೇ ಬಂದರು, ನಡುವೆ ಒಂದು ಮಾರು ಅಂತರ. ಸಂಜೆಯೂ ಹಾಗೆಯೇ ಹೋದರು. ವಾರ ಕಳೆಯುವಾಗ ಅವಳು ಅವನ ಕಿರುಬೆರಳು ಹಿಡಿದಿದ್ದಳು. ಕ್ರಿಸ್ಮಸ್ ರಜೆ ಮುಗಿಸಿ ಬಂದದ್ದು ಹೆಗಲ ಮೇಲೆ ಕುಳಿತು! ನಾಲ್ಕೂವರೆಯಾದರೆ ಸಾಕು, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಟೀಚರ ಮೊಲಕ್ಕೆ ನಾಲ್ಕೂ ಕಾಲುಂಟು ಎಂದು ನಾನು ಒಪ್ಪಿಕೊಂಡೆ.

ಗಲ್ಫಿಗೆ ಹೋಗುವವರಲ್ಲಿ ಒಂದು ಪದ್ಧತಿ ಉಂಟು. ಮಕ್ಕಳಿಗೆ ಹೇಳುವುದಿಲ್ಲ. ನಿದ್ದೆಯಲ್ಲಿರುವಾಗಲೋ ಆಟಕ್ಕೆ ಹೋಗಿರುವಾಗಲೋ ಹೊರಟುಬಿಡುತ್ತಾರೆ. ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಸುಗಂಧಿಯನ್ನು ಒಳಗೆ ಕಳಿಸಿ ಉಮಾನಾಥ ದನಿ ತಗ್ಗಿಸಿದ. “ಮಧ್ಯಾಹ್ನದ ಬಸ್ಸಿಗೆ ನಾನು ಹೊರಟೆ ಟೀಚರ್. ಸಂಜೆ ಸರಸ ಬರುತ್ತಾಳೆ.”

“ಮಗುವಿಗೆ ಹೇಳಿದಿರಾ?”

“ಇಲ್ಲ. ಅವಳು ಅತ್ತರೆ ನನಗೆ ಹೋಗಲಿಕ್ಕಾಗುವುದಿಲ್ಲ.”

ಟೀಚರ್ ಏನೋ ಹೇಳಹೊರಟು ಸುಮ್ಮನಾದರು. ಮನೆಯವರ ವಿಷಯ, ನಾವು ಬಾಯಿ ಹಾಕಬಾರದು ಎಂದುಕೊಂಡಿರಬೇಕು. ನಿಯಮದಲ್ಲಿ ತಪ್ಪಿರಲಿಲ್ಲ, ಅವನು ಬೆಳಿಗ್ಗೆಯೇ ಹೇಳಿದ್ದ.

ಸಂಜೆ ಸರಸ ಬಂದು ಕೈ ಚಾಚಿದಳು. ಸುಗಂಧಿ ಏಳಲಿಲ್ಲ.

“ಅಪ್ಪ ತಂದು ಬಿಟ್ಟದ್ದು. ಅಪ್ಪ ಬರಲಿ,” ಎಂದಳು.

ಸರಸ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗ್ಲ್ಯಾಡಿಸ್ ಟೀಚರ್ ಚಾಪೆಯ ಮೇಲೆ ಸುಗಂಧಿಯೆದುರು ಕುಳಿತರು. “ಅಪ್ಪ ದುಬೈಗೆ ಹೋದರು ಮಗಾ. ನನಗೆ ಬೆಳಿಗ್ಗೆಯೇ ಗೊತ್ತಿತ್ತು. ನಿನಗೆ ಹೇಳಲಿಲ್ಲ. ತಪ್ಪಾಯಿತು.”

ಅವಳು ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ. ಎದ್ದು ಅಮ್ಮನ ಕೈಯನ್ನೂ ಹಿಡಿಯದೆ ಮುಂದೆ ಮುಂದೆ ನಡೆದಳು.

ಮರುದಿನ ಸರಸ ಮಗುವನ್ನು ಬಿಟ್ಟು ಬಸ್ಸಿಗೆ ಓಡಿದ ಮೇಲೆ ಸುಗಂಧಿ ಟೀಚರ ಬಳಿ ಬಂದು ನಿಂತಳು.

“ಸಂಜೆ ಅಮ್ಮ ಬರುತ್ತಾರಾ? ನಿಮಗೆ ಗೊತ್ತಿರುತ್ತದಲ್ವಾ?”

ಟೀಚರ್ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರ ಕಣ್ಣಲ್ಲಿ ನಾನು ನೀರು ಕಂಡದ್ದು ಆ ಒಂದು ದಿನ ಮಾತ್ರ.

ಆಮೇಲೆ ನಿವೃತ್ತಿಯಾಗುವವರೆಗೂ, ಪೆಟ್ಟಿಗೆ ಕಟ್ಟಿದ ಯಾವ ಅಪ್ಪನನ್ನೂ ಅವರು ಬಾಗಿಲಿನಿಂದ ಹಾಗೆಯೇ ಹೋಗಲು ಬಿಡಲಿಲ್ಲ. “ಮಗುವಿಗೆ ಹೇಳಿ ಹೋಗಿ,” ಎನ್ನುತ್ತಿದ್ದರು. “ಅಳಲಿ. ಅಳುವ ಮಗುವನ್ನು ನೋಡಿಕೊಳ್ಳಲಿಕ್ಕೇ ನಾವು ಇಲ್ಲಿರುವುದು.”